ನಾನು ಕೂಗದ ಮಾತು

ಹಳಿಯಾಳ
10 ನವೆಂಬರ್ 2024

ಚಿ. ಸೌ. ಅನ್ನಪೂರ್ಣಾಗೆ ಅಪ್ಪನ ಆಶೀರ್ವಾದ.

ಅಪ್ಪ ಫೋನ್ ಎತ್ತುವುದಿಲ್ಲ ಎಂದು ನಿಮ್ಮವ್ವನ ಹತ್ತಿರ ದೂರು ಹೇಳಿದೆಯಂತೆ. ನಿಜ, ಎತ್ತುವುದಿಲ್ಲ. ಇನ್ನು ಮೇಲೆ ಯಾರ ಫೋನನ್ನೂ ಎತ್ತುವುದಿಲ್ಲ. ನನ್ನ ಬಾಯಿಂದ ಹೊರಟ ಮಾತು ಆ ಡಬ್ಬಿಯೊಳಗೆ ಹೋಗಿ ಏನಾಗಿ ಹೊರಬರುತ್ತದೆ ಎಂಬುದು ಈಗ ಗೊತ್ತಾಗಿದೆ. ದಾಂಡೇಲಿ ಇಲ್ಲೇ ಇದೆ, ಬಸ್ಸು ಹತ್ತಿದರೆ ತಾಸಿನ ಹಾದಿ. ಆದರೆ ಬಂದರೆ ಅಳಿಯ ಮೌನೇಶನ ಎದುರು ಸಿಟ್ಟಿಗೇಳಬೇಕಾಗುತ್ತದೆ. ಅದು ನನಗೆ ಬೇಡ, ಅದಕ್ಕೇ ಕಾಗದ.

ವಿಷಯಕ್ಕೆ ಬರುತ್ತೇನೆ. ನಿಮ್ಮ ಪುಣೆ ಕಂಪನಿಯ 'ಜಂಗೀ ಮೈದಾನ' ಆಟವನ್ನು ನಾನು ಮೊದಲ ದಿನದಿಂದ ಆಡುತ್ತಿದ್ದೇನೆ. ಮಧ್ಯಾಹ್ನ ನಮ್ಮ ದನದ ಹಿಂಡಿ ಅಂಗಡಿಗೆ ಗಿರಾಕಿ ಇಲ್ಲದ ಹೊತ್ತಿನಲ್ಲಿ ಗಲ್ಲಾದ ಹಿಂದೆ ಕೂತು ಆಡುತ್ತೇನೆ. "ಈ ವಯಸ್ಸಿನ್ಯಾಗ ಮೊಬೈಲ್ ಕುಸ್ತಿ ಏನ್ರೀ" ಎಂದು ನಕ್ಕವರೆಲ್ಲ ಆಮೇಲೆ ತಾವೂ ಹಿಡಿದರು. ಆಟ ಅಷ್ಟು ಚೆನ್ನಾಗಿತ್ತು. ದಿನವೂ ತಾಲೀಮು ಮಾಡಿಸಿದರೆ ಪೈಲ್ವಾನನಿಗೆ ಬಾದಾಮಿ, ಹಾಲಿನ ಖುರಾಕು ಸಿಗುತ್ತಿತ್ತು, ಮೈ ತುಂಬುತ್ತಿತ್ತು. ಮೇಲಾಗಿ ಆಟದಲ್ಲಿ ಕುಸ್ತಿ ಕೂಗುವ ದನಿ ನನ್ನದು. ನೀನೇ ಧಾರವಾಡಕ್ಕೆ ಕರೆದೊಯ್ದು, ಗಾಜಿನ ಕೋಣೆಯಲ್ಲಿ ಕೂರಿಸಿ ನನ್ನಿಂದ ಓದಿಸಿದ್ದೆ. ಹರೆಯದಿಂದ ಊರೂರ ಮೈದಾನದಲ್ಲಿ ಮೈಕ್ ಹಿಡಿದವನಿಗೆ ಅದೂ ಒಂದು ಮೈದಾನ ಅನ್ನಿಸಿತ್ತು.

ದೀಪಾವಳಿಗೆ ಆಟ ಬದಲಾಯಿತು. ಈಗ ಎಷ್ಟು ತಾಲೀಮು ಮಾಡಿದರೂ ಪ್ರಯೋಜನವಿಲ್ಲ, ಖುರಾಕನ್ನು ದುಡ್ಡು ಕೊಟ್ಟೇ ಕೊಳ್ಳಬೇಕು. ಕೊಳ್ಳದವನ ಪೈಲ್ವಾನ ಸೊರಗುತ್ತಾನೆ. ಸೊರಗಿದವನನ್ನು ಬೇಕೆಂದೇ ದೊಡ್ಡ ಮಲ್ಲನ ಎದುರು ನಿಲ್ಲಿಸುತ್ತಾರೆ. ಅದಕ್ಕೆ ಜೋಡಿ ಎನ್ನುತ್ತಾರೇನು? ನಮ್ಮ ಕಡೆ ಜೋಡಿ ಕಟ್ಟುವ ಹಿರಿಯರು ಇಬ್ಬರ ಹೆಗಲು ಮುಟ್ಟಿ, ಕೈ ಹಿಡಿಸಿ ನೋಡಿ, ಸಮ ಅನ್ನಿಸಿದರೆ ಮಾತ್ರ ಕಣಕ್ಕೆ ಬಿಡುತ್ತಾರೆ.

ಅದೂ ಹೋಗಲಿ. ಮೊನ್ನೆ ನಾನು ಸೋತೆ. ಸೋತ ಕೂಡಲೇ ನನ್ನದೇ ದನಿ ನನಗೆ ಹೇಳಿತು: "ಬಾದಾಮಿ ತಿನ್ನಲಿಲ್ಲಲ್ಲೋ, ಈಗ ಮಣ್ಣ ತಿನ್ನು." ಅದರ ಬೆನ್ನಿಗೆ ಬಾದಾಮಿ ಕೊಳ್ಳುವ ಗುಂಡಿ ಮಿನುಗಿತು.

ಆ ಮಾತನ್ನು ನಾನು ಧಾರವಾಡದಲ್ಲಿ ಓದಿಲ್ಲ, ಎಲ್ಲೂ ಓದಿಲ್ಲ. ಬಿದ್ದವನ ಊರು, ಅವನಿಗೆ ಕುಸ್ತಿ ಕಲಿಸಿದ ವಸ್ತಾದರ ಹೆಸರು ಹೇಳಿ ಚಪ್ಪಾಳೆ ಹೊಡೆಸಿದ ಮೇಲೆಯೇ ಗೆದ್ದವನ ಹೆಸರು ಎತ್ತುವವನು ನಾನು. ಬಿದ್ದವನಿಗೆ ಮಣ್ಣು ತಿನ್ನು ಅನ್ನುವ ಬಾಯಿ ನನ್ನದಲ್ಲ. ಅದನ್ನು ತೆಗೆಸು. ಕಂಪನಿಯಲ್ಲಿ ಇರುವವಳು ನೀನು, ನಿನಗೆ ಹೇಳದೆ ಇನ್ನಾರಿಗೆ ಹೇಳಲಿ?

ನಿನ್ನ ಅಪ್ಪ,
ಶೇಖಪ್ಪ


ದಾಂಡೇಲಿ
17 ನವೆಂಬರ್ 2024

ಅಪ್ಪಾಜಿಗೆ ಅನ್ನಪೂರ್ಣಾಳ ಶರಣು.

ನಿಮ್ಮ ಕಾಗದ ಓದುವಾಗ ಮೊದಲು ನಗು ಬಂತು, ಮುಗಿಸುವಾಗ ಬರಲಿಲ್ಲ.

ಕಂಪನಿಯಲ್ಲಿ ಇರುವವಳು ನೀನು ಎಂದು ಬರೆದಿದ್ದೀರಿ. ನಾನು ಇರುವುದು ಈ ಬಾಡಿಗೆ ಮನೆಯ ಹಿಂದಿನ ಕೋಣೆಯಲ್ಲಿ. ಆಟಗಾರರು ಕಳಿಸುವ ದೂರುಗಳಿಗೆ ಕನ್ನಡದಲ್ಲಿ ಉತ್ತರ ಟೈಪು ಮಾಡುವುದು ನನ್ನ ಕೆಲಸ. ಅವರ ಪಾಲಿಗೆ ನನ್ನ ಹೆಸರು 'ಸಖಿ'. "ನಿಮ್ಮ ಅಭಿಪ್ರಾಯ ನಮಗೆ ಅಮೂಲ್ಯ, ಪರಿಶೀಲಿಸುತ್ತೇವೆ" ಎಂದು ಎಲ್ಲರಿಗೂ ಬರೆಯುತ್ತೇನೆ. ಪರಿಶೀಲಿಸುವವರ ಮುಖವನ್ನು ನಾನೂ ನೋಡಿಲ್ಲ.

ಆ ಸಾಲಿನ ಬಗ್ಗೆ ಕೇಳಿದೆ. ನೀವು ಓದಿದ್ದನ್ನೆಲ್ಲ ಯಂತ್ರಕ್ಕೆ ಕಲಿಸಿದ್ದಾರಂತೆ. ಇನ್ನು ಏನು ಬರೆದು ಕೊಟ್ಟರೂ ಅದು ನಿಮ್ಮ ಹಾಗೆ ಮಾತಾಡುತ್ತದೆ. ಒಪ್ಪಂದದಲ್ಲಿ ಅದಕ್ಕೆ ಅವಕಾಶವಿದೆ ಎಂದರು. ನಿಮ್ಮ ದನಿಯನ್ನು ಆಟಕ್ಕೆ ಬಳಸುತ್ತಾರೆ ಎಂದಷ್ಟೇ ನಾನೂ ತಿಳಿದಿದ್ದೆ, ನೀವೂ ತಿಳಿದಿದ್ದಿರಿ.

ಸಿಟ್ಟಾದವರು ನೀವೊಬ್ಬರೇ ಅಲ್ಲ. ಮುಂಡಗೋಡ ಹತ್ತಿರದ ಇಂದೂರಿನಲ್ಲಿ ಗೂಡ್ಸ್ ಗಾಡಿ ಓಡಿಸುವ ವೀರೇಶ ಎಂಬವನು ಆ ಕಡೆಯ ಆಟಗಾರರ ಗುಂಪು ಕಟ್ಟಿದ್ದಾನೆ. "ನಾವು ಬೆವರ ಸುರಿಸಿ ಬೆಳೆಸಿದ ಪೈಲ್ವಾನರನ್ನ ಯಾಕ ಸೊರಗಿಸಿದ್ರಿ" ಎಂದು ದಿನಾ ಕೇಳುತ್ತಾನೆ. ಅವನು ಕೇಳುವುದು ಸರಿ ಎಂದು ನನಗೆ ಗೊತ್ತು. ಆದರೂ ಅಮೂಲ್ಯ ಎಂದೇ ಬರೆಯುತ್ತೇನೆ.

ಅಪ್ಪಾ, ಒಂದು ಬೇಡಿಕೆ. ಸಿಟ್ಟನ್ನು ನನ್ನ ಮೇಲೆ ತೀರಿಸಿಕೊಳ್ಳಿ, ಹೊರಗೆ ಆಡಬೇಡಿ. ಕಾಗದ ಕಾರ್ಖಾನೆಯಲ್ಲಿ ಇವರ ಕೆಲಸ ಗುತ್ತಿಗೆಯದು. ಮನೆ ನಡೆದಿರುವುದು ನನ್ನ ಸಂಬಳದ ಮೇಲೆ. ದಯವಿಟ್ಟು ಫೋನ್ ಎತ್ತಿ.

ನಿಮ್ಮ ಮಗಳು,
ಅನ್ನಪೂರ್ಣಾ


ಹಳಿಯಾಳ
2 ಡಿಸೆಂಬರ್ 2024

ಚಿ. ಸೌ. ಅನ್ನಪೂರ್ಣಾಗೆ ಆಶೀರ್ವಾದ.

ಹೊರಗೆ ಆಡಬೇಡಿ ಎಂದು ನೀನು ಬರೆದಿದ್ದೆ. ನಾನು ಆಡಲಿಲ್ಲ, ಹೊರಗಿನವರೇ ಆಡಿದರು.

ನಿನ್ನೆ ಚಿಗಳ್ಳಿಯಲ್ಲಿ ಕುಸ್ತಿ ಮೈದಾನವಿತ್ತು. ಎಂದಿನಂತೆ ಕರೆದಿದ್ದರು, ಎಂದಿನಂತೆ ತಲೆಗೆ ಪಟಕಾ ಸುತ್ತಿಕೊಂಡು ಹೋದೆ. ನಮ್ಮ ಹಳಿಯಾಳದ ತಾಲೀಮು ಮನೆಯ ದ್ರಾಕ್ಷಾಯಣಿ ನಿನಗೆ ಗೊತ್ತಲ್ಲ, ಎಮ್ಮೆಗೆ ಹಿಂಡಿ ಒಯ್ಯಲು ಅಂಗಡಿಗೆ ಬರುವ ಈಶಪ್ಪನ ಮಗಳು. ಬೆಳಗಾವಿ ಕಡೆಯ ಹುಡುಗಿಯೊಂದಿಗೆ ಅವಳ ಜೋಡಿ ಇತ್ತು. ಬಹಳ ಹೊತ್ತು ಆಡಿದಳು. ಕೊನೆಗೆ ಕಾಲು ಜಾರಿ ಬೆನ್ನು ಮಣ್ಣಿಗೆ ತಾಗಿತು. ನಾನು ಮೈಕನ್ನು ಬಾಯಿಗೆ ತಂದು ಅವಳ ಹೆಸರು ಹೇಳಬೇಕು, ಅಷ್ಟರಲ್ಲಿ ಎಡಗಡೆ ಕೂತಿದ್ದ ಹುಡುಗರ ಗುಂಪು ಕೂಗಿತು: "ಬಾದಾಮಿ ತಿನ್ನಲಿಲ್ಲಲ್ಲೋ, ಈಗ ಮಣ್ಣ ತಿನ್ನು." ನಾನು ಎಳೆಯುವ ಹಾಗೆಯೇ ಎಳೆದು ಕೂಗಿದರು. ಮೈದಾನವೆಲ್ಲ ನಕ್ಕಿತು.

ಹುಡುಗಿ ಎದ್ದವಳು ಮಣ್ಣು ಒರೆಸಿಕೊಳ್ಳಲಿಲ್ಲ, ನನ್ನನ್ನೇ ನೋಡಿದಳು. ಅವಳ ವಸ್ತಾದ ಚನಬಸಪ್ಪನವರೂ ನೋಡಿದರು. ನಿನಗೆ ದಿನಾ ದೂರು ಬರೆಯುವ ವೀರೇಶ ಅಲ್ಲೇ ಇದ್ದ. ಎದ್ದು ನಿಂತು ಎಲ್ಲರ ಎದುರಿಗೆ ಕೇಳಿದ: "ಕಾಕಾ, ನಿಮ್ಮ ಬಾಯಿಲೆ ಬಂದ ಮಾತ ಇದು. ಎಷ್ಟಕ್ಕ ಮಾರಿದ್ರಿ ಬಾಯಿ?"

ಅದನ್ನು ಹೇಳಿದವನು ನಾನಲ್ಲ ಎನ್ನಬಹುದಿತ್ತು. ಆದರೆ ಹಾಗೆನ್ನುವುದಕ್ಕೂ ಅದೇ ದನಿ ಬೇಕು, ನನ್ನ ಹತ್ತಿರ ಇನ್ನೊಂದಿಲ್ಲ. ಮೈಕನ್ನು ಕಮಿಟಿಯವರ ಕೈಗಿಟ್ಟು ಇಳಿದುಬಂದೆ. ಮೈಕ್ ಹಿಡಿದ ಮೇಲೆ ಕೊನೆಯ ಜೋಡಿ ಮುಗಿಯುವ ತನಕ ಇಳಿದವನಲ್ಲ ನಾನು.

ನನಗೆ ಬೇಕಾಗಿರುವುದು ಒಂದೇ. ಮತ್ತೆ ಮೈದಾನದಲ್ಲಿ ನಿಂತು ಕೂಗಬೇಕು, ಕೇಳಿದ ಜನ ಅದನ್ನು ನನ್ನ ಮಾತೆಂದು ನಂಬಬೇಕು. ಅಷ್ಟಾಗದಿದ್ದರೆ ಈ ಗಂಟಲು ಇದ್ದೂ ಉಪಯೋಗವಿಲ್ಲ. ಆ ಸಾಲನ್ನು ತೆಗೆಸು, ಬೇಗ ಮಾಡು.

ನಿನ್ನ ಅಪ್ಪ,
ಶೇಖಪ್ಪ


ದಾಂಡೇಲಿ
14 ಡಿಸೆಂಬರ್ 2024

ಅಪ್ಪಾಜಿಗೆ ಶರಣು.

ಬೇಗ ಮಾಡು ಎಂದಿರಿ, ಮಾಡಿದೆ. ಚಿಗಳ್ಳಿಯಲ್ಲಿ ಆದದ್ದನ್ನೆಲ್ಲ ಇಂಗ್ಲಿಷಿನಲ್ಲಿ ಬರೆದು ಪುಣೆಗೆ ಕಳಿಸಿದೆ. ಮೇಲಿನವರು ಫೋನ್ ಮಾಡಿ ನಗುನಗುತ್ತಲೇ ಮಾತಾಡಿದರು. ಆ ಸಾಲು ಬಂದ ಮೇಲೆ ಬಾದಾಮಿಯ ಮಾರಾಟ ಏರಿದೆಯಂತೆ. ನಿಜವಾದ ಮೈದಾನದಲ್ಲೂ ಜನ ಅದನ್ನು ಕೂಗುತ್ತಾರೆಂದರೆ ಇದಕ್ಕಿಂತ ಪ್ರಚಾರ ಬೇಕೇ ಎಂದರು. ಆ ಹುಡುಗಿಯ ಸಂಕಟ ಅವರಿಗೆ ಪ್ರಚಾರವಾಗಿ ಕಂಡಿತು ಅಪ್ಪಾ.

ಮರುದಿನ ವೀರೇಶನ ಖಾತೆ ಮುಚ್ಚಬೇಕೆಂದು ಆದೇಶ ಬಂತು, ಅವನ ಗುಂಪಿನವರದೂ. ಬರೆದ ದೂರುಗಳನ್ನೆಲ್ಲ ಅಳಿಸಲು ಹೇಳಿದರು. ಮುಚ್ಚಿದ್ದು, ಅಳಿಸಿದ್ದು ಎಲ್ಲ ನನ್ನ ಕೈಯೇ. ಅವರು ದಿನದಿನ ಬೆಳೆಸಿದ ಪೈಲ್ವಾನರೆಲ್ಲ ಮಧ್ಯಾಹ್ನದೊಳಗೆ ಇಲ್ಲವಾದರು. ಆಮೇಲೆ ಎದ್ದು ಅನ್ನಕ್ಕಿಟ್ಟೆ.

ಇನ್ನೊಂದು ಮಾತಿದೆ. ನಿಮ್ಮಿಂದ ಒಂದು ಸಣ್ಣ ವಿಡಿಯೊ ಬೇಕಂತೆ. "ಇದು ನನ್ನದೇ ದನಿ, ನನಗೆ ಸಂತೋಷವಿದೆ" ಎಂದರೆ ಸಾಕಂತೆ. ಕೇಳಲೇಬೇಡ ಎಂದು ಇವರು ಹೇಳಿದರು. ನಾನು ಕೇಳುತ್ತಿದ್ದೇನೆ. ಕೇಳುವುದು ನನ್ನ ಕೆಲಸ, ಅದಕ್ಕೆ ಕೇಳುತ್ತಿದ್ದೇನೆ.

ಅನ್ನಪೂರ್ಣಾ


ಹಳಿಯಾಳ
20 ಡಿಸೆಂಬರ್ 2024

ಅನ್ನಪೂರ್ಣಾಗೆ,

ಕಾಗದ ತಲುಪಿತು. ಇಲ್ಲಿ ಚಳಿ ಹೆಚ್ಚಾಗಿದೆ. ನಿಮ್ಮವ್ವ ಆರಾಮ ಇದ್ದಾಳೆ. ಹತ್ತಿಕಾಳಿನ ಹಿಂಡಿ ಈ ವರ್ಷ ಚೆನ್ನಾಗಿ ಬಂದಿಲ್ಲ.

ಶೇಖಪ್ಪ


ದಾಂಡೇಲಿ
13 ಜನವರಿ 2025

ಅಪ್ಪಾಜಿಗೆ ಶರಣು.

ಸಂಕ್ರಾಂತಿಗೆ ಕುಸುರೆಳ್ಳು ಕಳಿಸಿದ್ದೇನೆ. ಅದರ ಜೊತೆ ಹೇಳುವ ಮಾತನ್ನು ಈ ಸಲ ಬರೆಯುವ ಧೈರ್ಯವಿಲ್ಲ.

ಹಿಂಡಿಯ ವಿಷಯ ಓದಿದೆ. ಸಹಿಯ ಮೇಲೆ 'ನಿನ್ನ ಅಪ್ಪ' ಇರಲಿಲ್ಲ, ಅದನ್ನೂ ಓದಿದೆ.

ವಿಡಿಯೊ ಸಿಗುವುದಿಲ್ಲ ಎಂದು ಪುಣೆಗೆ ತಿಳಿಸಿದೆ. ಕಾರಣ ಕೇಳಿದರು, ನಿಮಗೆ ನೆಗಡಿ ಎಂದೆ. ಖಾತೆ ಕಳೆದುಕೊಂಡವರು ಹೊಸ ಹೆಸರಿನಲ್ಲಿ ಮತ್ತೆ ಬಂದಿದ್ದಾರೆ. ಕಂಪನಿಯನ್ನು ಬೈಯುತ್ತಾರೆ, ನಿಮ್ಮನ್ನು ಬೈಯುತ್ತಾರೆ, ಸಖಿಯನ್ನು ಬೈಯುತ್ತಾರೆ. ಬೆಳಗಿನಿಂದ ಸಂಜೆಯ ತನಕ ಅಪ್ಪ-ಮಗಳ ಮೇಲಿನ ಬೈಗುಳ ಓದಿ, ಎಲ್ಲದಕ್ಕೂ ಅಮೂಲ್ಯ ಎಂದು ಬರೆಯುತ್ತೇನೆ. ಅವರ ಬೈಗುಳ ತಡೆಯಬಲ್ಲೆ, ನಿಮ್ಮ ಹಿಂಡಿಯ ಸುದ್ದಿ ತಡೆಯಲಾರೆ. ನೀವೂ ಬೈಯಿರಿ.

ನಿಮ್ಮ ಮಗಳು,
ಅನ್ನಪೂರ್ಣಾ


ಹಳಿಯಾಳ
30 ಜನವರಿ 2025

ಚಿ. ಸೌ. ಅನ್ನಪೂರ್ಣಾಗೆ ಆಶೀರ್ವಾದ.

ಬೈಯಬೇಕೆಂದೇ ಕೂತೆ, ಬರುತ್ತಿಲ್ಲ. ವಿಡಿಯೊದ ಮಾತನ್ನು ನೀನು ಕೇಳಬಾರದಿತ್ತು. ಇಷ್ಟು ಬರೆದೆ, ಮುಗಿಯಿತು. ಕುಸುರೆಳ್ಳು ನಿಮ್ಮವ್ವ ಒಬ್ಬಳೇ ತಿನ್ನುತ್ತಿದ್ದಾಳೆ, ನನಗೆ ಲೆಕ್ಕಕ್ಕೊಂದು ಕಾಳು ಕೊಡುತ್ತಾಳೆ.

ಕಳೆದ ವಾರ ವೀರೇಶ ಅಂಗಡಿಗೆ ಬಂದಿದ್ದ. ಗೋವಿನಜೋಳ ತುಂಬಿದ ಗಾಡಿಯನ್ನು ಬಾಗಿಲಿಗೇ ನಿಲ್ಲಿಸಿ ಒಳಗೆ ಬಂದು ನಿಂತ. ಜಗಳಕ್ಕೇ ಬಂದ ಎಂದುಕೊಂಡು ನಾನು ತಕ್ಕಡಿಯ ಕಲ್ಲನ್ನು ಮೆಲ್ಲಗೆ ಹತ್ತಿರ ಎಳೆದುಕೊಂಡೆ. ಅವನು ಅದನ್ನು ನೋಡಿ ನಕ್ಕುಬಿಟ್ಟ. ಚನಬಸಪ್ಪನವರು ಅವನನ್ನು ಕರೆಸಿ, ಶೇಖಪ್ಪ ಎಂದೂ ಬಿದ್ದವರನ್ನು ಹಳಿದವನಲ್ಲ, ಇದರಲ್ಲಿ ಏನೋ ಮೋಸವಿದೆ ಎಂದು ಹೇಳಿದ್ದರಂತೆ. ಯಂತ್ರದ ವಿಷಯವನ್ನು ನಾನು ತಿಳಿಸಿದೆ. ಮೈದಾನದಲ್ಲಿ ತಾನು ಹಾಗೆ ಕೇಳಬಾರದಿತ್ತು ಎಂದ.

ಆದರೆ ಸುಮ್ಮನೆ ಬಂದವನಲ್ಲ. ಮಾರ್ಚ್ ಒಂಬತ್ತಕ್ಕೆ ನಮ್ಮ ಹಳಿಯಾಳದ ಮೈದಾನವಿದೆ. ಅಲ್ಲಿ ನಾನು ಕೂಗಬೇಕು, ಅವನ ಗುಂಪಿನವರು ಅದನ್ನು ಫೋನಿನಲ್ಲಿ ತುಂಬಿಕೊಂಡು, ನಿಜವಾದ ದನಿ ಇದು, ಸುಳ್ಳು ದನಿ ಅದು ಎಂದು ಲೋಕಕ್ಕೆಲ್ಲ ತೋರಿಸಬೇಕು, ಇದು ಅವನ ಹಂಚಿಕೆ. ನನ್ನ ಮಾತನ್ನು ಇನ್ನು ಯಾರಿಗೂ ತುಂಬಿಕೊಳ್ಳಲು ಬಿಡುವುದಿಲ್ಲ ಎಂದೆ. ಕಂಪನಿಯನ್ನು ಬೈಯುವುದೂ ಇಲ್ಲ, ಅಲ್ಲಿ ನನ್ನ ಮಗಳಿದ್ದಾಳೆ ಎಂದೆ. ಅವನು ಮುಖ ಗಂಟು ಹಾಕಿಕೊಂಡು ಹೋದ.

ಮರುದಿನ ದ್ರಾಕ್ಷಾಯಣಿ ಬಂದಳು. ಹಿಂಡಿಗೆ ಬಂದಿರಬೇಕು ಎಂದುಕೊಂಡೆ. "ಕಾಕಾ, ನೀವು ನನ್ನ ಹೆಸರ ಕೂಗಿದ್ರ ಕಣಕ್ಕ ಇಳಿತೇನಿ. ಇಲ್ಲಾಂದ್ರ ಇನ್ನ ಕುಸ್ತಿನ ಬ್ಯಾಡ ನನಗ" ಎಂದಳು. ಚಿಗಳ್ಳಿಯ ಮೇಲೆ ಒಂದು ಮೈದಾನಕ್ಕೂ ಹೋಗಿಲ್ಲವಂತೆ.

ಹೂಂ ಎಂದಿದ್ದೇನೆ. ಕಮಿಟಿಯವರೂ ಒಪ್ಪಿದ್ದಾರೆ, ಜನ ಗದ್ದಲ ಮಾಡಿದರೆ ನಾವು ಹೊಣೆಯಲ್ಲ ಎಂದೂ ಸೇರಿಸಿದ್ದಾರೆ. ನನಗೆ ಅಂಜಿಕೆಯಾಗುತ್ತಿದೆ ಅನ್ನಪೂರ್ಣಾ. ಇದನ್ನು ನಿಮ್ಮವ್ವನಿಗೂ ಹೇಳಿಲ್ಲ. ಅವಳು ಎಲ್ಲ ಸರಿಹೋದರೆ ಉಳವಿಯ ಗುಡಿಗೆ ಬರುತ್ತೇನೆಂದು ಹರಕೆ ಹೊತ್ತು ಕೂತಿದ್ದಾಳೆ.

ನಿನ್ನ ಅಪ್ಪ,
ಶೇಖಪ್ಪ


ದಾಂಡೇಲಿ
18 ಫೆಬ್ರವರಿ 2025

ಅಪ್ಪಾಜಿಗೆ ಶರಣು.

ನೀವು ಹಳಿಯಾಳದಲ್ಲಿ ಕೂಗುತ್ತೀರೆಂಬುದು ಪುಣೆಗೂ ಗೊತ್ತಾಗಿದೆ. ವೀರೇಶನ ಗುಂಪಿನವರೇ ಎಲ್ಲ ಕಡೆ ಸಾರಿದ್ದಾರೆ.

ಆಟಗಾರರು ಬರೆದ ಅಷ್ಟೊಂದು ದೂರುಗಳಲ್ಲಿ ಕಂಪನಿ ಒಂದನ್ನು ಮಾತ್ರ ಕಿವಿಗೆ ಹಾಕಿಕೊಂಡಿದೆ. ಯಂತ್ರದ ದನಿಯಲ್ಲಿ ಉಸಿರಿಲ್ಲ, ಮೈದಾನದಲ್ಲಿ ಶೇಖಪ್ಪನವರು ಏರಿಸುವ ಹಾಗೆ ಅದು ಏರುವುದಿಲ್ಲ ಎಂದು ಯಾರೋ ಬರೆದಿದ್ದರು. ಅದನ್ನು ಸರಿಪಡಿಸಲು ನನಗೊಂದು ಕೆಲಸ ಹೇಳಿದ್ದಾರೆ. ಏನೆಂದು ಬರೆಯಲಾರೆ. ಮಾಡಿದರೆ ನನ್ನ ಕೆಲಸ ಕಾಯಂ ಆಗುತ್ತದಂತೆ. ಇವರ ಗುತ್ತಿಗೆ ಮಾರ್ಚಿಗೆ ಮುಗಿಯುತ್ತದೆ, ಮುಂದುವರಿಸುವ ಸುದ್ದಿಯಿಲ್ಲ.

ಮೈದಾನಕ್ಕೆ ಬರುತ್ತೇನೆ. ನನ್ನನ್ನು ಕಂಡರೆ ಮುಂದೆ ಕರೆಯಬೇಡಿ, ಮನೆಗೂ ಕರೆಯಬೇಡಿ.

ಅನ್ನಪೂರ್ಣಾ


ದಾಂಡೇಲಿ
11 ಮಾರ್ಚ್ 2025

ಅಪ್ಪಾ,

ಆ ಕಾಗದಕ್ಕೆ ನೀವು ಉತ್ತರ ಬರೆಯಲಿಲ್ಲ. ಈಗ ನಾನೇ ಎಲ್ಲ ಬರೆಯುತ್ತೇನೆ.

ಮೈದಾನದಲ್ಲಿ ನಿಮ್ಮ ದನಿಯನ್ನು ಮೊದಲಿನಿಂದ ಕೊನೆಯ ತನಕ ತುಂಬಿಕೊಂಡು ಬಾ ಎಂಬುದೇ ಅವರು ಹೇಳಿದ ಕೆಲಸ. ಅದನ್ನೂ ಯಂತ್ರಕ್ಕೆ ತಿನ್ನಿಸುತ್ತಾರೆ. ಆಮೇಲೆ ಅದು ಉಸಿರು ಎಳೆದುಕೊಂಡು ಬೈಯುತ್ತದೆ. ಅದಕ್ಕೇ ಬಂದಿದ್ದೆ ಅಪ್ಪಾ. ಇವರಿಗೂ ಹೇಳದೆ ಬಂದಿದ್ದೆ. ಹೆಂಗಸರ ನಡುವೆ ಕೂತು, ಫೋನನ್ನು ಸೆರಗಿನ ಅಂಚಿನಿಂದ ಹೊರಗೆ ಚಾಚಿ ಹಿಡಿದಿದ್ದೆ. ನನ್ನ ಕೆಲಸ ಉಳಿದರೆ ಮನೆ ಉಳಿಯುತ್ತದೆ, ಅಪ್ಪ ಹೇಗಿದ್ದರೂ ಕ್ಷಮಿಸುತ್ತಾರೆ ಎಂದುಕೊಂಡಿದ್ದೆ.

ನೀವು ಮೈಕಿನ ಮಂಚಿಕೆ ಹತ್ತಿದಾಗ ಕೆಲವರು ಸಿಳ್ಳೆ ಹೊಡೆದರು. "ಬಾದಾಮಿ ಕಾಕಾ ಬಂದ" ಎಂದು ಯಾರೋ ಕೂಗಿದರು. ನೀವು ಮೈಕ್ ಹಿಡಿದಿರಿ, ಸುತ್ತಲೂ ಕೈಗಳು ಮೇಲೆದ್ದವು, ಕೈಗಳಲ್ಲೆಲ್ಲ ಫೋನು. ನಗಲು ಬಂದವರೂ ಹಿಡಿದಿದ್ದರು, ವೀರೇಶನ ಗುಂಪಿನವರೂ ಹಿಡಿದಿದ್ದರು. ದ್ರಾಕ್ಷಾಯಣಿ ಕಣದಲ್ಲಿ ಅಂಗೈಗೆ ಮಣ್ಣು ಹಚ್ಚಿಕೊಂಡು ನಿಮ್ಮ ಕಡೆ ನೋಡುತ್ತ ನಿಂತಿದ್ದಳು.

"ಫೋನ್ ಇಳಸ್ರಿ" ಎಂದಿರಿ. "ಇಳಿಸಿದ್ರ ಕೂಗ್ತೇನಿ. ಇಲ್ಲಾಂದ್ರ ಈ ಮೈಕ್ ಇಲ್ಲೇ ಇಟ್ಟು ಮನೀಗೆ ಹೋಗ್ತೇನಿ."

ಹಲಗಿಯ ಬಡಿತ ನಿಂತಿತು. ವೀರೇಶ ಎದ್ದು, ರೆಕಾರ್ಡು ಇಲ್ಲದಿದ್ದರೆ ಕಂಪನಿಗೆ ಏನು ತೋರಿಸುವುದು, ಹೋದ ಪೈಲ್ವಾನರನ್ನು ಹೇಗೆ ವಾಪಸು ಕೇಳುವುದು ಎಂದ. ಅವರ ಖಾತೆಗಳನ್ನು ಮುಚ್ಚಿದವಳು ಅವನಿಂದ ನಾಲ್ಕು ಮಾರು ದೂರದಲ್ಲಿ ಕೂತಿದ್ದಳು. ನೀವು ಮೈಕ್ ಸರಿಸಿ ಬರಿ ಬಾಯಲ್ಲಿ ಅವನಿಗೆ ಹೇಳಿದಿರಿ: "ಕಂಪನಿ ಕೇಳೂದಿಲ್ಲೋ ತಮ್ಮಾ. ನೀನರ ಕೇಳು."

ಅವನು ಫೋನನ್ನು ಜೇಬಿಗಿಟ್ಟು ಕೂತ. ಅವನ ಗುಂಪಿನವರು ಇಟ್ಟರು, ಸಿಳ್ಳೆ ಹೊಡೆದವರೂ ಅತ್ತಿತ್ತ ನೋಡಿ ಇಟ್ಟರು. ಆದರೂ ನೀವು ಕೂಗಲಿಲ್ಲ, ಸುಮ್ಮನೆ ನಿಂತಿರಿ. ಜನ ಕೆಮ್ಮಿದರು, ಕಮಿಟಿಯವರು ನಿಮ್ಮ ಮುಖ ನೋಡಿದರು. ನನ್ನ ಕೈಯೊಳಗೆ ಫೋನು ಓಡುತ್ತಲೇ ಇತ್ತು. ಕೊನೆಗೆ ಅದನ್ನು ಆರಿಸಿ, ಮಡಿಲಲ್ಲಿಟ್ಟು, ಮೇಲೆ ಎರಡೂ ಕೈ ಇಟ್ಟುಕೊಂಡೆ.

ಆಗ ನೀವು ಕೂಗಿದಿರಿ. ಏನು ಕೂಗಿದಿರೆಂದು ಈ ಕಾಗದದಲ್ಲೂ ಬರೆಯುವುದಿಲ್ಲ. ಪಕ್ಕದಲ್ಲಿದ್ದ ಮುದುಕಿ ನನ್ನ ತೊಡೆ ಹಿಡಿದುಕೊಂಡು ಅಳುತ್ತಿದ್ದಳು, ನಾನೂ ಅತ್ತೆ. ದ್ರಾಕ್ಷಾಯಣಿಯ ಕುಸ್ತಿ ಸಮಬಲವಾಯಿತು. ಕೊನೆಯ ಜೋಡಿಯ ತನಕ ಒಂದು ಫೋನೂ ಮೇಲೇಳಲಿಲ್ಲ.

ಸೋಮವಾರ ಪುಣೆಯಿಂದ ಕೇಳಿದರು. ತಂದಿಲ್ಲ ಎಂದೆ. ಮುಂದಿನ ಮೈದಾನದಲ್ಲಿ ತಾ ಎಂದರು. ತರುವುದಿಲ್ಲ ಎಂದೆ. ಮಧ್ಯಾಹ್ನದ ಹೊತ್ತಿಗೆ ನನ್ನ ಖಾತೆಯನ್ನೂ ಮುಚ್ಚಿದರು. ಇವರಿಗೆ ಎಲ್ಲ ಹೇಳಿದೆ. ಹೇಗೋ ನಡೆಸೋಣ ಎಂದರು, ಹೇಗೆ ಎಂದು ಇಬ್ಬರಿಗೂ ಗೊತ್ತಿಲ್ಲ.

ಆ ಫೋನನ್ನು ಯಾಕೆ ತಂದೆ ಎಂದು ಮಾತ್ರ ಕೇಳಬೇಡಿ.

ನಿಮ್ಮ ಮಗಳು,
ಅನ್ನಪೂರ್ಣಾ


ಹಳಿಯಾಳ
15 ಮಾರ್ಚ್ 2025

ಚಿ. ಸೌ. ಅನ್ನಪೂರ್ಣಾಗೆ ಅಪ್ಪನ ಆಶೀರ್ವಾದ.

ಕೆಲಸ ಹೋದದ್ದಕ್ಕೆ ನನಗೆ ಸಂಕಟವಿದೆ, ಸಂತೋಷವೂ ಇದೆ. ಎರಡನ್ನೂ ಮುಚ್ಚಿಡುವುದಿಲ್ಲ. ಆಟದಲ್ಲಿ ಆ ಸಾಲು ಇನ್ನೂ ಹಾಗೆಯೇ ಇದೆಯಂತೆ. ವೀರೇಶನ ಗುಂಪಿನವರು ಆಟವನ್ನೇ ತೆಗೆದುಹಾಕಿದರು, ನಾನೂ ತೆಗೆದೆ. ಮಧ್ಯಾಹ್ನ ಹೊತ್ತು ಹೋಗುವುದಿಲ್ಲ, ಬೇಸರವಾಗುತ್ತದೆ. ನಾಳೆ ಭಾನುವಾರ, ಮೌನೇಶನನ್ನು ಕರೆದುಕೊಂಡು ಊಟಕ್ಕೆ ಬನ್ನಿ ಎಂದು ಈ ಕಾಗದ ಮುಟ್ಟುವ ಮೊದಲೇ ನಿಮ್ಮವ್ವ ಫೋನಿನಲ್ಲಿ ಹೇಳುತ್ತಾಳೆ.

ಫೋನ್ ಯಾಕೆ ತಂದೆ ಎಂದು ನಾನು ಕೇಳುವುದಿಲ್ಲ. ಫೆಬ್ರವರಿಯ ನಿನ್ನ ಕಾಗದ ಓದಿದಾಗಲೇ ಅವರು ಹೇಳಿದ ಕೆಲಸ ಏನಿರಬಹುದೆಂದು ತಿಳಿದಿತ್ತು. ಮಂಚಿಕೆ ಹತ್ತಿದ ಕೂಡಲೇ ಹೆಂಗಸರ ನಡುವೆ ನೀನು ಕಂಡೆ, ಸೆರಗಿನ ಕೆಳಗಿನ ನಿನ್ನ ಕೈಯೂ ಕಂಡಿತು. ನಿನ್ನೊಬ್ಬಳಿಗೆ ಇಳಿಸು ಎಂದಿದ್ದರೆ ಇಡೀ ಮೈದಾನ ತಿರುಗಿ ನಿನ್ನನ್ನು ನೋಡುತ್ತಿತ್ತು. ಅದಕ್ಕೆ ಎಲ್ಲರಿಗೂ ಹೇಳಿದೆ.

ಎಲ್ಲರೂ ಇಳಿಸಿದ ಮೇಲೂ ಯಾಕೆ ಸುಮ್ಮನೆ ನಿಂತಿದ್ದಿರಿ ಎಂದು ಕಮಿಟಿಯವರು ಆಮೇಲೆ ಕೇಳಿದರು. ಗಂಟಲು ಕಟ್ಟಿತ್ತು ಎಂದೆ. ಗಂಟಲು ಸರಿಯಾಗೇ ಇತ್ತು. ನಿನ್ನ ಕೈ ಇಳಿಯುವುದನ್ನು ಕಾಯುತ್ತಿದ್ದೆ.

ನಿನ್ನ ಅಪ್ಪ,
ಶೇಖಪ್ಪ